ಆಣೆ ಮಾಡಿಸಬ್ಯಾಡ್ರಿ

ಮೇ ತಿಂಗಳ ಕಲಬುರಗಿ ಬಿಸಿಲು. ಫ್ಯಾನಿನ ಗಾಳಿಯೂ ಸುಡುತ್ತಿದೆ. ಆದರೂ ಮಗಳು ಮನೆಯೊಳಗೂ ತುಂಬು ತೋಳಿನ ಅಂಗಿ ಬಿಡುತ್ತಿಲ್ಲ. ಒಂದಿನ ಪಾತ್ರೆ ತೊಳೆಯುವಾಗ ತೋಳು ಮೇಲೆ ಸರಿದು ತಾಯಿಗೆ ಗಾಯ ಕಾಣುತ್ತದೆ, ಮಗಳು ತಾನೇ ಮಾಡಿಕೊಂಡದ್ದು. ಮೊದಲು ಏಟು, ಆಮೇಲೆ ಅಳು, ಕೊನೆಗೆ ತಲೆ ಮೇಲೆ ಕೈ ಇಡಿಸಿ, 'ನನ್ನಾಣೆ, ಇನ್ನೊಮ್ಮೆ ಮಾಡಂಗಿಲ್ಲ ಅನ್ನು.'

ಕೆಲಸ ಕೆಡುವುದು ಆ ಆಣೆಯಿಂದಲೇ.

ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವ ಬಹಳ ಮಂದಿಗೆ ಆ ಹೊತ್ತಿನಲ್ಲಿ ಸಾಯುವ ಉದ್ದೇಶ ಇರುವುದಿಲ್ಲ. ಅವಮಾನ, ಸಿಟ್ಟು, ತನ್ನ ಮೇಲೇ ಹೇಸಿಕೆ ತಡೆಯಲಾಗದಷ್ಟು ಏರಿರುತ್ತದೆ. ಕೆಲವರಿಗೆ ಮನಸ್ಸೇ ಜೋಮು ಹಿಡಿದಿರುತ್ತದೆ. ಗಾಯದಿಂದ ತಳಮಳ ತುಸು ಹೊತ್ತು ಇಳಿದಂತಾಗಿ, ಹಿಂದೆಯೇ ನಾಚಿಕೆ ಬಂದು ಮತ್ತೆ ತಳಮಳ ಏರುತ್ತದೆ. ಈ ಚಕ್ರಕ್ಕೆ ಆಣೆ ಮುರಿದ ಪಾಪವೂ ಸೇರಿದರೆ ಇನ್ನಷ್ಟು ಮುಚ್ಚಿಡುತ್ತಾರೆ. 'ನಾಟಕ ಮಾಡ್ತಾಳ' ಎನ್ನುವವರು ಆ ತೋಳನ್ನು ನೆನೆಯಲಿ. ನಾಟಕವಾಗಿದ್ದರೆ ಮುಚ್ಚಿಡುತ್ತಿದ್ದಳೇ?

ಮೊದಲು ಗಾಯ ನೋಡಿ. ಸಣ್ಣದಿದ್ದರೆ ನಲ್ಲಿ ನೀರಲ್ಲಿ ತೊಳೆದು ಸ್ವಚ್ಛ ಬಟ್ಟೆ ಕಟ್ಟಿ. ಆಳವಿದ್ದರೆ, 10 ನಿಮಿಷ ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ, ಏನಾದರೂ ನುಂಗಿದ್ದರೆ ಕೂಡಲೇ 108. 'ಏನೂ ಆಗಿಲ್ಲ' ಅಂದರೂ ಕಾಯಬೇಡಿ. ಆಮೇಲೆ ಮೆಲ್ಲಗೆ, 'ಮನಸ್ಸಿಗೆ ಏನಾಗ್ಯಾದವ್ವ? ನಾ ಬೈಯಂಗಿಲ್ಲ.' 'ಸಾಯಬೇಕು ಅನಸ್ತದೇನು?' ಎಂದೂ ನೇರ ಕೇಳಿ; ಕೇಳಿದ್ದಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ. ಮಾತ್ರೆ, ಹೊಲದ ಔಷಧಿ ಬೀಗದೊಳಗಿಟ್ಟು ಅಂದೇ ಆಸ್ಪತ್ರೆಗೆ ಹೋಗಿ.

ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ಓಪಿಡಿ ಚೀಟಿ ಮಾಡಿಸುವಾಗ 'ಮನೋರೋಗ ವಿಭಾಗ' ಅಂದರೆ ಸಾಕು, ಕಿಟಕಿಯಲ್ಲಿ ಕಾರಣ ಬಿಡಿಸಿ ಹೇಳಬೇಕಿಲ್ಲ. ರಾಜ್ಯ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುತ್ತಾರೆ. ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿ. ಗಾಣಗಾಪುರದ ದತ್ತನ ಗುಡಿಗೆ ಹೋಗಬೇಕು ಅನಿಸಿದರೆ ಹೋಗಿಬನ್ನಿ, ಆದರೆ ಅದಕ್ಕಾಗಿ ಆಸ್ಪತ್ರೆ ಮುಂದೂಡಬೇಡಿ.

ಗದ್ದಲದ ಓಪಿಡಿಯಲ್ಲಿ ಮಾತು ಮರೆತುಹೋಗುತ್ತದೆ. ಯಾವಾಗಿನಿಂದ, ಎಷ್ಟು ಸಲ, ಅದಕ್ಕೂ ಮುಂಚೆ ಏನಾಗಿರುತ್ತದೆ, ನಿದ್ದೆ ಹೇಗಿದೆ ಎಂದು ಹಾಳೆಯಲ್ಲಿ ಬರೆದು ಕೊಡಿ. ಮನೋವೈದ್ಯರು ಖಿನ್ನತೆ, ಆತಂಕ ಇದ್ದರೆ ಔಷಧಿ ಕೊಡುತ್ತಾರೆ. ಥೆರಪಿಗೆ, ಅಂದರೆ ಮಾತಿನ ಮೂಲಕ ಕೊಡುವ ಚಿಕಿತ್ಸೆಗೆ, ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು. ಖಾಸಗಿಯಲ್ಲಾದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇದೆಯೇ ಎಂದು ಕೇಳಲು ಸಂಕೋಚ ಬೇಡ.

ಇದಕ್ಕೆಂದೇ ಬೆಳೆದ ಪದ್ಧತಿ ಡಿಬಿಟಿ, ಅಂದರೆ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ. ರೂಪಿಸಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್. ಪೂರ್ಣ ರೂಪದಲ್ಲಿ ಸುಮಾರು ಒಂದು ವರ್ಷ, ವಾರಕ್ಕೊಂದು ಭೇಟಿ, ಜೊತೆಗೆ ಗುಂಪು ತರಬೇತಿ. ಅದು ಹತ್ತಿರ ಸಿಗದಿದ್ದರೂ ಅದರ ಮುಖ್ಯ ಕೆಲಸವನ್ನು ನಿಮ್ಮ ಥೆರಪಿಸ್ಟರ ಹತ್ತಿರ ಕೇಳಬಹುದು: ಗಾಯ ಮಾಡಿಕೊಂಡ ದಿನವನ್ನು ಸರಪಳಿಯಂತೆ ಬಿಡಿಸುವುದು. ರಾತ್ರಿ ನಿದ್ದೆಯಿಲ್ಲ, ಬೆಳಿಗ್ಗೆ ಉಂಡಿಲ್ಲ, ಕಾಲೇಜಿನಲ್ಲಿ ಒಂದು ಮಾತು, ಸಂಜೆ ಬಾಗಿಲು ಹಾಕಿಕೊಂಡಳು. ಯಾವ ಕೊಂಡಿ ಬಿಚ್ಚಬಹುದು ಎಂದು ಇಬ್ಬರೂ ಹುಡುಕುತ್ತಾರೆ. ಗಾಯ ಮಾಡಿಕೊಳ್ಳುವ ಸೆಳೆತ ಅಲೆಯಂತೆ ಏರಿ ಇಳಿಯುತ್ತದೆ. ಇಳಿಯುವ ತನಕ ಜೊತೆಗೊಬ್ಬರು ಕೂತಿರುವುದೂ ಚಿಕಿತ್ಸೆಯ ಭಾಗ.

ನಡುವೆ ಮತ್ತೊಮ್ಮೆ ಗಾಯ ಕಾಣಬಹುದು. ಥೆರಪಿ ಸೋತಿತೆಂದು ಬಿಡಿಸಬೇಡಿ, ಮುಂದಿನ ಭೇಟಿಯಲ್ಲಿ ಹೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆಣೆಯ ಬದಲು ಮಗಳಿಗೆ ಇಷ್ಟು ಹೇಳಿ: 'ಹಂಗ ಅನಿಸಿದಾಗ ನನ್ನ ಎಬ್ಬಸು. ರಾತ್ರಿ ಎರಡಾಗಿದ್ರೂ ಸರಿ.'