ಸೂರ್ಯ ಮುಳುಗೋದು ನೋಡೋಕೂ ಓಟಿಪಿ

ಈಗಷ್ಟೇ ಬಂದು ಚಪ್ಪಲಿ ಬಿಟ್ಟೆ, ಕೋಪ ಇನ್ನೂ ಇಳಿದಿಲ್ಲ. ಕಾಫಿಗೆ ಹಾಲಿಟ್ಟು ಬರೀತಿದ್ದೀನಿ, ಉಕ್ಕಿದ್ರೆ ಉಕ್ಕಲಿ.

ನನ್ನ ಸಂಜೆ ವಾಕು ನಿಮಗೆ ಗೊತ್ತಲ್ಲ, ಕನಕಪುರ ರಸ್ತೆಯಿಂದ ಒಳಗೆ, ಆ ಬೋಳು ಬಂಡೆ ತನಕ. ಫೋಟೊ ಹಾಕಿ ಹಾಕಿ ನಿಮ್ಮ ತಲೆ ತಿಂದಿದ್ದೀನಿ. ಹದಿನೈದು ವರ್ಷ ನಡೆದ ಬಂಡಿದಾರಿಗೆ ಇವತ್ತು ಗೇಟು. ಗೇಟಿಗೊಬ್ಬ ಸೆಕ್ಯೂರಿಟಿ ಹುಡುಗ, ಕೈಯಲ್ಲಿ ಫೋನು. "ಯಾವ ಫ್ಲ್ಯಾಟ್ರಿ ಮೇಡಂ?" ಯಾವ ಫ್ಲ್ಯಾಟೂ ಅಲ್ಲಪ್ಪ, ಸೂರ್ಯ ಮುಳುಗೋದು ನೋಡ್ಬೇಕು ಅಂದೆ. ಆ್ಯಪಲ್ಲಿ ಹುಡುಕಿದ, ಪಾಪ. ಗೆಸ್ಟ್ ಇದೆ, ಡೆಲಿವರಿ ಇದೆ, ಕ್ಯಾಬ್ ಇದೆ, ಮನೆಕೆಲಸದವರು ಇದೆ. ನಾನು ಇಲ್ಲ.

ನಮ್ಮೂರ ಸೂರ್ಯ ಕಾಯೋ ಪೈಕಿ ಅಲ್ಲ. ಈ ಅಕ್ಷಾಂಶದಲ್ಲಿ ಹೆಚ್ಚುಕಮ್ಮಿ ನೆಟ್ಟಗೆ ಇಳಿದುಬಿಡ್ತಾನೆ. ದಿಗಂತ ಮುಟ್ಟಿದ ಮೇಲೆ ಬಿಂಬ ಪೂರ್ತಿ ಮಾಯವಾಗೋಕೆ 2 ನಿಮಿಷ ಚಿಲ್ಲರೆ ಸಾಕು. ನವೆಂಬರ್ ಕೊನೆ, 5.50ರ ಹೊತ್ತಿಗೆಲ್ಲ ಆಟ ಮುಗೀತು. ಗೇಟಲ್ಲಿ ನನ್ನ ವಾದವೇ 7 ನಿಮಿಷ. ಕ್ಯಾಶ್ ಕೌಂಟರಲ್ಲಿ ಕೂತು ರಿಟೈರಾದವಳು, ಲೆಕ್ಕ ತಪ್ಪಲ್ಲ.

ಉರಿದಿದ್ದು ಅದಕ್ಕಲ್ಲ. ಗೇಟಿನ ಪಕ್ಕ ದೊಡ್ಡ ಬೋರ್ಡು: ಬಾಲ್ಕನಿ, ವೈನ್ ಗ್ಲಾಸು, ಹಿಂದೆ ಕಿತ್ತಳೆ ಸೂರ್ಯ. ಅಯ್ಯೋ, ಅವನು ನನ್ನ ಬಂಡೆಯವನು ಕಣ್ರೋ! ಮೇ, ಜೂನಲ್ಲಿ ಉತ್ತರಕ್ಕೆ ಸರಿದು ಇವರ ಟವರ್ ಹಿಂದೆಯೇ ಇಳೀತಾನೆ, ಚಳಿಗಾಲದಲ್ಲಿ ದಕ್ಷಿಣಕ್ಕೆ ಬಂದಾಗ ಮಾತ್ರ ಬಯಲಿಗೆ ಸಿಗ್ತಿದ್ದ. ಆ ಮೂರು ತಿಂಗಳಿಗೂ ಈಗ ಗೇಟು.

ತಡೀರಿ, ಹಾಲು.

ಸೇಫ್ಟಿ ಬೇಡ್ವಾ ಅಂತ ಕಾಮೆಂಟ್ ಬರುತ್ತೆ, ಗೊತ್ತು. ಬೇಕು. ಮಂಡಿನೋವಿನ ಹೆಂಗಸು ಸ್ಟೀಲ್ ಬಾಟ್ಲಿ ಹಿಡ್ಕೊಂಡು ಹಾಡುಹಗಲೇ ಕಳ್ಳತನಕ್ಕೆ ಬರ್ತಾಳೆ, ಹುಷಾರಾಗಿರಿ. ಗ್ರಾಮ ನಕಾಶೆಯಲ್ಲಿರೋ ಬಂಡಿದಾರಿ ಯಾರಪ್ಪನ ಸ್ವತ್ತೂ ಅಲ್ಲ ಅನ್ನೋದನ್ನ ಮಾತ್ರ ಯಾರೂ ಕೇಳಲ್ಲ. ತುರಹಳ್ಳಿ ಗುಡ್ಡಕ್ಕೆ ಹೋಗಿ ಅಂತೀರಾ? 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡ್ತೀವಿ ಅಂದಾಗ ಬೇಡ ಅಂತ ಬೋರ್ಡ್ ಹಿಡಿದು ನಿಂತವಳೇ. ಈಗ ಮಂಡಿ ಹತ್ತಿಸಲ್ಲ.

ಸಂಕ್ರಾಂತಿ ಸಂಜೆ ಗವಿ ಗಂಗಾಧರೇಶ್ವರನ ಗುಡಿಯಲ್ಲಿ ನಂದಿಯ ಕೊಂಬಿನ ನಡುವಿಂದ ಲಿಂಗಕ್ಕೆ ಬಿಸಿಲು ಬೀಳೋದನ್ನ ಟಿವಿ ಮುಂದೆ ಕೂತು ನೋಡಿ ಕೈಮುಗಿಯೋ ಊರು ನಮ್ದು. ಮಿಕ್ಕ 364 ದಿನ ಅದೇ ಸೂರ್ಯನಿಗೆ ಓಟಿಪಿ.

ಇಷ್ಟು ಬೈದು ಒಂದು ಮಾತು ನುಂಗಿಕೊಂಡ್ರೆ ನಿದ್ದೆ ಬರಲ್ಲ. ಬಾಡಿಗೆ ಆಸೆಗೆ ನಾವು ಮೂರನೇ ಮಹಡಿ ಎಬ್ಬಿಸಿದಾಗ ಹಿಂದಿನ ಮನೆ ಅಜ್ಜಿ ಕಾಂಪೌಂಡ್ ಹತ್ರ ಬಂದು, "ಸಂಜೆ ಬಿಸ್ಲಿಗೆ ಸಂಡಿಗೆ ಹಾಕ್ತಿದ್ದೆ ಕಣವ್ವ" ಅಂದಿದ್ರು. ಜಗಳ ಅಲ್ಲ, ಸುಮ್ನೆ ಅಂದಿದ್ದು. ನಾನು ಗೃಹಪ್ರವೇಶದ ಹೋಳಿಗೆ ಕೊಟ್ಟು ಕಳಿಸಿದ್ದೆ.

ಹೊರಡುವಾಗ ಗಮನಿಸಿದೆ, ಆ ಹುಡುಗನ ಪ್ಲಾಸ್ಟಿಕ್ ಕುರ್ಚಿ ಪಶ್ಚಿಮಕ್ಕೆ ಬೆನ್ನು ಮಾಡಿತ್ತು. ಯಾದಗಿರಿ ಕಡೆಯವನಂತೆ. "ನಮ್ಮೂರಾಗ ಕಟ್ಟಿ ಮ್ಯಾಲ ಕುಂತ್ರ ಕಾಣ್ತದ್ರಿ ಅಕ್ಕಾರ, ಇದಕ್ಯಾಕ ಇಷ್ಟು ದೂರ ಬರ್ತೀರಿ?" ಅಂದ. ಏನು ಹೇಳಲಿ! ಆಮೇಲೆ ಆಕಡೆ ಈಕಡೆ ನೋಡಿ, ದನಿ ತಗ್ಗಿಸಿ: "ನಾಳೆ ಐದೂವರಿಗೆ ಬರ್ರಿ. ಸೂಪರ್‌ವೈಸರ್ ಚಾ ಕುಡ್ಯಾಕ ಹೋಗಿರ್ತಾನ."