ಹೆಂಚಿನ ಊರಿನ ಕುಣಿಯುವ ಕಲ್ಲು

ಮಳೆಗಾಲದಲ್ಲಿ ಮಂಗಳೂರಿನ ಹಳೇ ಬಂದರಿನ ಬೀದಿಯಲ್ಲಿ ನಡೆಯುವುದಕ್ಕೂ ಒಂದು ವಿದ್ಯೆ ಬೇಕು. ನದಿದಂಡೆಯ ಸುಂದರೀಕರಣಕ್ಕೆಂದು ಹಾಸಿದ ಇಂಟರ್‌ಲಾಕ್ ಕಲ್ಲುಗಳಲ್ಲಿ ಯಾವುದು ಸಾಧು, ಯಾವುದು ಪಿಚಕಾರಿ ಎಂದು ನೋಡಿದ ಕೂಡಲೇ ಗೊತ್ತಾಗಬೇಕು. ನನಗೆ ಗೊತ್ತಾಗಲಿಲ್ಲ. ಬಲಗಾಲಿಟ್ಟೆ, ಕಲ್ಲಿನ ಆಚೆ ತುದಿ ಎದ್ದು, ಕೆಸರುನೀರು ಮೊಣಕಾಲಿಗೆ ಚಿಮ್ಮಿತು. ಈರುಳ್ಳಿ ಮೂಟೆ ಹೊತ್ತ ಹಮಾಲಿಯೊಬ್ಬರು ಆ ಕಲ್ಲನ್ನು ದಾಟಿ ಪಕ್ಕದ ಮಣ್ಣಲ್ಲೇ ಹೆಜ್ಜೆಯಿಟ್ಟು, “ಅದಕ್ಕೆ ಹೊಸಬರ ಗುರುತು ಸಿಗ್ತದೆ ಮಾರಾಯ್ರೆ” ಎಂದು ಹೋದರು.

ಇದು ಯಾವ ಊರು ಅಂತೀರಿ? 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಹೆಂಚಿನ ಕಾರ್ಖಾನೆ ತೆರೆದ ಊರು. ಮಣ್ಣು ಕೊಟ್ಟದ್ದೂ ಹೊಳೆ, ದಾರಿ ಕೊಟ್ಟದ್ದೂ ಹೊಳೆ. ಸುಟ್ಟ ಹೆಂಚು ಇಲ್ಲಿಂದ ಹಡಗು ಹತ್ತಿ ಮುಂಬಯಿಗೆ, ಆಫ್ರಿಕಾದ ಕರಾವಳಿಗೆ ಹೋಯಿತು. ಒಂದರ ಅಂಚು ಇನ್ನೊಂದರ ಕಚ್ಚಿಗೆ ಕೂರುವುದೇ ಅದರ ಗುಟ್ಟು. ಅಂದರೆ ಅದೂ ಇಂಟರ್‌ಲಾಕೇ! ವರ್ಷಕ್ಕೆ 3,500 ಮಿ.ಮೀ. ಮಳೆ ಬಾರಿಸಿದರೂ ಅಜ್ಜನ ಮನೆಯ ಮಾಡಿನಲ್ಲಿ ಅದು ಅಲುಗಿದ್ದಿಲ್ಲ (ಬೆಕ್ಕು ಓಡಿದ ದಿನಗಳನ್ನು ಬಿಟ್ಟು). ಇಳಿಜಾರಿನಲ್ಲಿ ನೂರು ವರ್ಷ ಕೂತ ವಿದ್ಯೆಗೆ ಸಪಾಟು ನೆಲದಲ್ಲಿ ಒಂದು ಮಳೆಗಾಲ ಮಲಗಲು ಬರುವುದಿಲ್ಲವಂತೆ.

14ನೇ ಶತಮಾನದಲ್ಲಿ ಬಂದಿಳಿದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಇಲ್ಲಿ ಕಾಳುಮೆಣಸು, ಶುಂಠಿ ಹೇರಳ ಎಂದು ಬರೆದ. ಪುಣ್ಯವಂತ, ಆಗ ಸುಂದರೀಕರಣ ಇರಲಿಲ್ಲ. 1974ರಲ್ಲಿ ಪಣಂಬೂರಿನಲ್ಲಿ ಹೊಸ ಬಂದರಾಯಿತು, ದೊಡ್ಡ ಹಡಗುಗಳು ಅತ್ತ ತಿರುಗಿದವು. ಇಲ್ಲಿ ಉಳಿದದ್ದು ದಕ್ಕೆಯ, ಅಂದರೆ ದೋಣಿಕಟ್ಟೆಯ, ಮೀನು, ಲಕ್ಷದ್ವೀಪಕ್ಕೆ ತರಕಾರಿ ಸಿಮೆಂಟು ಹೊರುವ ಮಂಜಿ ಎಂಬ ಸಣ್ಣ ಹಡಗುಗಳು, ಸಗಟು ಮಂಡಿಗಳ ಸಾಲು. ಇಷ್ಟು ಕೆಲಸ ನಡೆಯುವ ದಂಡೆಯಲ್ಲಿ ದೊಡ್ಡವರಿಗೆ ಕಂಡ ಕೊರತೆ ಏನು ಗೊತ್ತೇ? ಜನರಿಗೆ ನದಿ ಕಾಣುತ್ತಿಲ್ಲ! ಹಾಗಾಗಿ ಬೆಂಚು, ದೀಪದ ಕಂಬ, ಕಲ್ಲುಹಾಸು. ಹುಟ್ಟಿದಾಗಿನಿಂದ ಮೂಟೆಯ ಕೆಳಗಿಂದಲೇ ನದಿ ನೋಡುತ್ತ ಬಂದವರು ಆ ಲೆಕ್ಕದ ಜನರಲ್ಲ. ಮೀನಿನ ವಾಸನೆಯಂತೂ ನಕ್ಷೆಯಲ್ಲೇ ಇರಲಿಲ್ಲ, ಪಾಪ, ಅದು ಅನುಮತಿ ಕೇಳದೆ ಬಂದು ಬೆಂಚಿನ ಮೇಲೆ ಕೂತಿದೆ.

ಹಮಾಲಿ ಖಾಲಿ ಕೈಯಲ್ಲಿ ಮರಳಿದರು. ಗೋದಾಮಿನ ಗೋಡೆಬುಡದಲ್ಲಿ ಬಿದ್ದಿದ್ದ ಒಡಕು ಹೆಂಚೊಂದನ್ನು ಹೆಕ್ಕಿ, ಆ ಕಲ್ಲಿನ ಅಡಿಗೆ ಹಿಮ್ಮಡಿಯಿಂದ ಒದ್ದು ತುರುಕಿದರು.

“ಈಗ ತುಳೀರಿ.”

ತುಳಿದೆ. ಅಲುಗಲಿಲ್ಲ.