ನಿಯಮ ಉಂಟು, ಆಳಿಲ್ಲ

ನಮ್ಮ ಭಾವನಿಗೆ ಕಾನೂನಿನ ಮೇಲೆ ಭಕ್ತಿ ಹುಟ್ಟಿದ್ದು ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದ ಮೇಲೆ. ಸ್ಕೂಟರಿನಲ್ಲಿ ಕೊಬ್ಬರಿ ಚೀಲ ಇಟ್ಟುಕೊಂಡು ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ಎಣ್ಣೆ ಮಿಲ್ಲಿಗೆ ಹೊರಟಿದ್ದರು. ಹೆಲ್ಮೆಟ್ ಎಂದಿನಂತೆ ಕನ್ನಡಿಗೆ ನೇತಾಡುತ್ತಿತ್ತು. ದಾರಿಯಲ್ಲಿದ್ದ ಎಐ ಕ್ಯಾಮರಾ ನೋಡಿಬಿಟ್ಟಿತು. 500 ರೂಪಾಯಿ ಫೈನ್.

ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಮೊಬೈಲ್ ಹಿಡಿದುಕೊಂಡು ಬಂದು, "ಫೋಟೋ ನೋಡು ಮಾರಾಯ, ಆಧಾರಿನದ್ದಕ್ಕಿಂತ ಚಂದ ಬಂದಿದೆ" ಅಂದರು. ಪಂಚಾಯತ್ ಮೆಂಬರಿಗೂ ಅದೇ ವಾರ ಫೈನ್ ಬಂದಿತ್ತಂತೆ. ಅದು ಗೊತ್ತಾದ ಮೇಲಂತೂ ಅವರ ಮುಖದಲ್ಲಿ ಪೂರ್ತಿ ಸಮಾಧಾನ.

2023ರ ಜೂನ್ 5ರಿಂದ ಕೇರಳದಲ್ಲಿ ಈ ಕ್ಯಾಮರಾಗಳು ಫೈನ್ ಹಾಕಲು ಶುರು ಮಾಡಿದವು. ರಾಜ್ಯಕ್ಕೆಲ್ಲ 726 ಅಂತ ಲೆಕ್ಕ ಕೊಟ್ಟಿದ್ದರು. ಅವು "ನಾಳೆ ಬಾ" ಅನ್ನುವುದಿಲ್ಲ, ಊಟಕ್ಕೆ ಏಳುವುದಿಲ್ಲ. ಮುಖ್ಯವಾಗಿ, ನಿನ್ನ ಮಾತೃಭಾಷೆ ಯಾವುದು ಅಂತ ಕೇಳುವುದಿಲ್ಲ.

ನನ್ನ ಕಥೆ ಬೇರೆ. ರೇಷನ್ ಕಾರ್ಡಿನಲ್ಲಿ ನಾನು ರಮೇಶನಿಂದ ರಮೇಶನ್ ಆಗಿದ್ದೆ. ಬಾಲ ಕತ್ತರಿಸಿ ಕೊಡಿ ಅಂತ ಕನ್ನಡದಲ್ಲಿ ಅರ್ಜಿ ಬರೆದು ಒಂದು ಕಚೇರಿಗೆ ಹೋದೆ. ಕೌಂಟರಿನವರು ಅರ್ಜಿಯನ್ನು ಒಮ್ಮೆ ನೇರ, ಒಮ್ಮೆ ತಲೆಕೆಳಗು ಹಿಡಿದು ನೋಡಿದರು. "ಮಲಯಾಳತ್ತಿಲ್ ವೇಣಂ" ಅಂದರು, ಅಂದರೆ ಮಲಯಾಳದಲ್ಲಿ ಬೇಕು.

ನಾನೂ ತಯಾರಾಗಿಯೇ ಹೋಗಿದ್ದೆ. ಕೇರಳದ್ದೇ 1969ರ ಅಧಿಕೃತ ಭಾಷಾ ಕಾಯಿದೆ ಉಂಟಲ್ಲ ಸಾರ್, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರು ಇಲ್ಲಿನ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ನೀವೂ ಕನ್ನಡದಲ್ಲೇ ಉತ್ತರ ಕೊಡಬೇಕು ಅಂತ ಅದರಲ್ಲುಂಟು ಅಂದೆ. ಅವರು ಹರಿಕಥೆ ಕೇಳಿದ ಹಾಗೆ ತಾಳ್ಮೆಯಿಂದ ಕೇಳಿದರು. ಆಮೇಲೆ, "ನಿಯಮಂ ಉಂಡ್. ಆಳಿಲ್ಲ" ಅಂದರು. ನಿಯಮ ಉಂಟು, ಕನ್ನಡ ಓದುವ ಜನ ಇಲ್ಲ ಅಂತ.

ಅಂತೂ ಅರ್ಜಿ ತೆಗೆದುಕೊಂಡರು. ಉತ್ತರ ಬಂತು, ಮಲಯಾಳದಲ್ಲಿ. ಓದಿಸಲು ಪಕ್ಕದ ಮನೆಯ ಒಂಬತ್ತನೇ ಕ್ಲಾಸಿನ ಹುಡುಗಿ ಬೇಕು. ಅವಳು ಅಜ್ಜಿಮನೆಗೆ ಹೋಗಿದ್ದಳು. ಬಂದು ಓದಿದಳು: "ಏಳು ದಿನದೊಳಗೆ ಖುದ್ದಾಗಿ ಹಾಜರಾಗಬೇಕು." ಅವತ್ತಿಗೆ ಒಂಬತ್ತು ದಿನ ಆಗಿತ್ತು. ಕಾನೂನು ಗೊತ್ತಿರಲಿಲ್ಲ ಅನ್ನುವುದು ನೆಪ ಆಗಲಾರದು ಅಂತಾರಲ್ಲ, ಸರಿಯೇ. ನಮಗೆ ಗೊತ್ತಿತ್ತು, ಅವರಿಗೆ ಆಳಿರಲಿಲ್ಲ.

ಅಮೆರಿಕದಲ್ಲಿ ಟಾಮ್ ಟೈಲರ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ ಇದ್ದಾರೆ. ಜನ ಕಾನೂನು ಯಾಕೆ ಪಾಲಿಸುತ್ತಾರೆ ಅಂತ ತಿಳಿಯಲು 1984ರಲ್ಲಿ ಶಿಕಾಗೋದ 1,575 ಮಂದಿಯನ್ನು ಮಾತಾಡಿಸಿದರು. ಅವರಲ್ಲಿ 804 ಮಂದಿಯನ್ನು ಒಂದು ವರ್ಷ ಬಿಟ್ಟು ಮತ್ತೆ ಕೇಳಿದರು. ಶಿಕ್ಷೆಯ ಭಯಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಬೇರೆಯೇ: ಅಧಿಕಾರಿ ನನ್ನ ಮಾತು ಕೇಳಿದನೇ, ಮರ್ಯಾದೆ ಕೊಟ್ಟನೇ, ಪಕ್ಷಪಾತ ಮಾಡಲಿಲ್ಲವೇ. ಹಾಗೆ ನಡೆದುಕೊಂಡರೆ ತೀರ್ಪು ವಿರುದ್ಧ ಬಂದರೂ ಜನ ನುಂಗಿಕೊಳ್ಳುತ್ತಾರಂತೆ.

ಅವರು ಕಾಸರಗೋಡಿಗೆ ಬಂದಿದ್ದರೆ ತಲೆ ಕೆಡುತ್ತಿತ್ತು. ನಮ್ಮ ಮಾತು ಕೇಳಲಿಲ್ಲ ಅಂತ ಹೇಳುವ ಹಾಗಿಲ್ಲ. 1966ರಲ್ಲಿ ರಾಜ್ಯಗಳ ಗಡಿ ತಕರಾರಿಗೆ ಅಂತ ಮಹಾಜನ ಆಯೋಗವನ್ನೇ ಮಾಡಿ ಕೇಳಿದರು. ಮರುವರ್ಷ ಬಂದ ವರದಿಯಲ್ಲಿ, ಚಂದ್ರಗಿರಿ ಹೊಳೆಯ ಉತ್ತರ ಭಾಗ ಈಗಿನ ಕರ್ನಾಟಕಕ್ಕೆ ಸೇರಲಿ ಅಂತ ಶಿಫಾರಸೂ ಆಯಿತು. ಶಿಫಾರಸು ನಮ್ಮ ಪರ, ಫೈಲು ನಿದ್ದೆಯಲ್ಲಿ. ಆದರೂ ನಾವು ಕೆಂಪು ದೀಪಕ್ಕೆ ನಿಲ್ಲುತ್ತೇವೆ, ತೆರಿಗೆ ಕಟ್ಟುತ್ತೇವೆ. ಇಷ್ಟು ಸಾಧು ಪ್ರಜೆಗಳು ಬೇರೆಲ್ಲಿ ಸಿಗುತ್ತಾರೆ ಹೇಳಿ!

ಮೊನ್ನೆ ಮೂರನೇ ಸಲ ಅರ್ಜಿ ಬರೆಯುತ್ತಾ ಕೂತಿದ್ದೆ. ಭಾವ ಎಲೆಅಡಿಕೆ ಹಾಕಿಕೊಂಡು ನೋಡುತ್ತಿದ್ದರು.

"ಕಚೇರಿಗೆ ಸುಮ್ನೆ ಯಾಕೆ ಹೋಗುತ್ತೀ? ಹೆಲ್ಮೆಟ್ ಹಾಕದೆ ಸ್ಕೂಟರ್ ಹತ್ತು. ಅರ್ಜಿಯನ್ನು ಕ್ಯಾಮರಾಕ್ಕೆ ಕಾಣುವ ಹಾಗೆ ಎತ್ತಿ ಹಿಡಿ. 500 ರೂಪಾಯಿ ಹೋದರೆ ಹೋಗಲಿ, ಉತ್ತರ ಮಾತ್ರ ಬಂದೇ ಬರುತ್ತದೆ."